ರೆಕ್ಕೆ ಕೊಂಡದ್ದೋ, ಕೈಯಲ್ಲಿ ಕಟ್ಟಿದ್ದೋ?

ಸಾಂಗಲಿ-ತಾಸಗಾಂವ ರಸ್ತೆಯಲ್ಲಿ ಕವಲಾಪುರ ಬಂದರೆ ನನ್ನ ಕಣ್ಣು ತಾನಾಗಿ ಹಳೆಯ ವಿಮಾನಪಟ್ಟಿಯತ್ತ ಹೊರಳುತ್ತದೆ. ವಿಮಾನವಿಲ್ಲ, ನಿಲ್ದಾಣ ಬೇಕೆಂಬ ಕೂಗು ಮಾತ್ರ ಇದೆ. ಇಂಥ ಬಯಲು ಕಂಡಾಗ ನೆನಪಾಗುವುದು ಎನ್‌ಸಿಸಿ ವಾಯುವಿಭಾಗದ ಹುಡುಗರು ಬಾಲ್ಸಾ ಕಟ್ಟಿಗೆ ಕೊರೆದು ಮಾಡುವ ಮಾದರಿ ವಿಮಾನಗಳು.

ಈ ಆಟದಲ್ಲೊಂದು ಹಳೇ ತಕರಾರು. ಸ್ಪರ್ಧೆಯ ವಿಮಾನವನ್ನು ಸ್ಪರ್ಧಿಯೇ ಕಟ್ಟಿರಬೇಕೋ, ಅಂಗಡಿಯ ಬಿಡಿಭಾಗ ನಡೆಯುತ್ತದೋ? ಎಂಜಿನ್, ರೇಡಿಯೋ ಕೊಳ್ಳುವುದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ಜಗಳ ರೆಕ್ಕೆ, ಒಡಲಿನದು. ಜಾಗತಿಕ ಸಂಸ್ಥೆ ಎಫ್‌ಎಐ ಕೂಡ ಎಲ್ಲ ಕಡೆ ಒಂದೇ ಮಾತಾಡುವುದಿಲ್ಲ. ಎಫ್1ಎ ಗ್ಲೈಡರ್, ಎಫ್1ಬಿ ರಬ್ಬರ್ ವಿಮಾನಗಳಿಗೆ ಕಟ್ಟಿದವನೇ ಹಾರಿಸಬೇಕೆಂಬ ನಿಯಮ ಈಗಿಲ್ಲ. ಉಕ್ರೇನಿನಲ್ಲಿ ಮಾಡಿದ್ದನ್ನು ಕೊಂಡೂ ಗೆಲ್ಲಬಹುದು. ನಿಜ ವಿಮಾನದ ಪಡಿಯಚ್ಚು ಮಾಡುವ ಎಫ್4ಸಿಯಲ್ಲಿ ಮಾತ್ರ ತಾನು ಮಾಡದ ಭಾಗ ಯಾವುದೆಂದು ಬರೆದುಕೊಡಬೇಕು. ಅಲ್ಲಿ ಕೈಗೆಲಸಕ್ಕೂ ಅಂಕವುಂಟು.

ನಮ್ಮ ಮಿರಜದ ಸಿತಾರ ನೋಡ್ರಿ, 2024ರಲ್ಲಿ ಭೌಗೋಳಿಕ ಗುರುತು ಪಡೆಯಿತು. ಬುರುಡೆ ರೈತನ ಹೊಲದ್ದು, ತಂತಿ ಅಂಗಡಿಯದು. ಆದರೂ ಸಿತಾರ ಮಿರಜದ್ದೇ, ಯಾಕಂದ್ರ ನಾದ ಹೊಂದಿಸಿದ ಕೈ ಅಲ್ಲಿಯದು. ಹಾಗೇ ಚಕ್ರ, ಪಂಖ ಕೊಂಡರೇನು ತಪ್ಪು? ಆದರೆ ಇಡೀ ರೆಕ್ಕೆ ತಂದು ‘ನಾನs ಮಾಡೀನಿ’ ಅಂದ್ರ, ಬ್ಯಾರೆಯವರು ಬಡಿದ ರೊಟ್ಟಿಗೆ ನಮ್ಮ ಹೆಸರು ಇಟ್ಟಂಗ.

ನನ್ನ ಚಿಂತೆ ರೊಕ್ಕದ್ದು. ಕಾರ್ಬನ್ ಫೈಬರ್ ರೆಕ್ಕೆ ಕೊಳ್ಳುವ ತಾಕತ್ತು ಜತ್ತದ ಕನ್ನಡ ಶಾಲೆಯ ಹುಡುಗನಿಗೆಲ್ಲಿ? ಬ್ಲೇಡು, ಅಂಟು, ತಾಳ್ಮೆ ಅವನಲ್ಲಿವೆ. ಶಾಲಾ ಸ್ಪರ್ಧೆಗಳಲ್ಲಾದರೂ ರೆಕ್ಕೆ ಸ್ವಂತದ್ದಿರಲಿ. ಸಂಶಯ ಬಂದರೆ ತೀರ್ಪುಗಾರರು ಅಲ್ಲೇ ಕೂರಿಸಿ ಒಂದು ರಿಬ್ಬು ಕೊರೆಸಿ ನೋಡಲಿ.