ಎಂಟು ಗುಳಿಯ ಕಾವಲಿ, ಪುಟ್ಟ ಒಲೆ

ಪರದೆಯ ಮೇಲೆ ದೊಡ್ಡದೊಂದು ಕುಂಚ ಆರಿಸಿಕೊಂಡು ಎಡದಿಂದ ಬಲಕ್ಕೆ ಒಮ್ಮೆ ಎಳೆಯಿರಿ. ಪೆನ್ನು ಬಲತುದಿ ಮುಟ್ಟಿ ನಿಂತಿದೆ, ಬಣ್ಣ ಇನ್ನೂ ನಡುದಾರಿಯಲ್ಲಿದೆ. ಒಂದೆರಡು ಸೆಕೆಂಡು ಕಾದ ಮೇಲೆ ಅದು ಕುಂಟುತ್ತಾ ಬಂದು ಸೇರುತ್ತದೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವರಿಗೆ ಇದಕ್ಕಿಂತ ದೊಡ್ಡ ಕಿರಿಕಿರಿ ಇಲ್ಲ. ಕೈಯ ಲಯ ತಪ್ಪಿದರೆ ಗೆರೆಯೂ ಕೆಟ್ಟಿತು.

ಹೀಗಾದಾಗ ಸಿಗುವ ಸಲಹೆ ಗೊತ್ತೇ ಇದೆ: ರ್‍ಯಾಮ್ ಹೆಚ್ಚಿಸಿ, ಇಲ್ಲವೇ ಹೊಸ ಕಂಪ್ಯೂಟರ್ ಕೊಳ್ಳಿ. ಆದರೆ ಖರ್ಚಿಲ್ಲದ ಮದ್ದೊಂದು ಕೆಲವು ಯಂತ್ರಗಳಿಗೆ ನಾಟಿದ್ದುಂಟು. ವೇಗ ಹೆಚ್ಚಿಸಲೆಂದೇ ಸೇರಿಸಿದ ಸೌಲಭ್ಯವೊಂದನ್ನು ನಿಲ್ಲಿಸಿಬಿಡುವುದು! ಉಚಿತವಾಗಿ ಸಿಗುವ ಚಿತ್ರರಚನಾ ತಂತ್ರಾಂಶ ಕ್ರಿಟಾದಲ್ಲಿ ಇದಕ್ಕೆಂದೇ ಒಂದು ಗುರುತುಪೆಟ್ಟಿಗೆ ಇಟ್ಟಿದ್ದರು. ಸೆಟ್ಟಿಂಗ್ಸ್ ತೆರೆದು, ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ, ಅಲ್ಲಿ ಅಡ್ವಾನ್ಸ್ಡ್ ಎಂಬುದನ್ನು ಒತ್ತಿದರೆ ‘ವೆಕ್ಟರ್ ಆಪ್ಟಿಮೈಸೇಶನ್ ನಿಲ್ಲಿಸು’ ಎಂಬರ್ಥದ ಸಾಲು. ಪಕ್ಕದ ಆವರಣದಲ್ಲಿ ‘ಎಎಂಡಿ ಪ್ರೊಸೆಸರ್‌ಗಳಿಗೆ’ ಎಂಬ ಷರಾ. ವಿಂಡೋಸ್‌ನಲ್ಲಿ ಎಎಂಡಿ ಚಿಪ್‌ಗಳಿಗೆ ಈ ವಿಧಾನ ಒಗ್ಗುವುದಿಲ್ಲ ಎಂದಷ್ಟೇ ಕೈಪಿಡಿ ಹೇಳಿ ಮುಗಿಸುತ್ತದೆ. ಯಾಕೆ ಒಗ್ಗದಿರಬಹುದು ಎಂಬುದರಲ್ಲೇ ಸ್ವಾರಸ್ಯ ಇರುವುದು.

ಮೊದಲು ಕುಂಚದ ಲೆಕ್ಕ ನೋಡೋಣ. ನಾವು ಎಳೆಯುವ ಗೆರೆ ನಿಜವಾಗಿ ಗೆರೆಯಲ್ಲ, ಒತ್ತೊತ್ತಾಗಿ ಒತ್ತಿದ ಮುದ್ರೆಗಳ ಸಾಲು. ಕುಂಚದ ಅಗಲ 1,000 ಪಿಕ್ಸೆಲ್ ಎಂದರೆ ಒಂದು ಮುದ್ರೆಯ ಚೌಕದಲ್ಲಿ 10 ಲಕ್ಷ ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂದು ನಾಲ್ಕು ಸಂಖ್ಯೆ. ಅಲ್ಲಿಗೆ 40 ಲಕ್ಷ. ಕುಂಚದ ಅಗಲದ ಹತ್ತನೇ ಒಂದು ಭಾಗ ಸರಿದಾಗಲೊಮ್ಮೆ ಮುದ್ರೆ ಬೀಳುತ್ತದೆ ಎಂದಿಟ್ಟುಕೊಂಡರೆ, 2,000 ಪಿಕ್ಸೆಲ್ ಉದ್ದದ ಗೆರೆಗೆ 20 ಮುದ್ರೆ, ಎಂಟು ಕೋಟಿ ಸಂಖ್ಯೆ. ಒಂದೊಂದಕ್ಕೂ ಗುಣಾಕಾರ, ಸಂಕಲನ ಆಗಬೇಕು. ಕಾಗದದ ಬಿಳುಪಿನಲ್ಲಿ ಕೆಂಪಿನ ಪ್ರಮಾಣ 255, ಕುಂಚದ ಬಣ್ಣದಲ್ಲಿ 55, ಬಣ್ಣದ ಗಾಢತೆ ಶೇ. 25 ಎನ್ನಿ. ಹಳೆಯದರ ಮುಕ್ಕಾಲು ಪಾಲು, ಹೊಸದರ ಕಾಲು ಪಾಲು ಕೂಡಿಸಿದರೆ 205. ಎಂಟು ಕೋಟಿಗೂ ಇದೇ ಲೆಕ್ಕ, ಸಂಖ್ಯೆಗಳು ಮಾತ್ರ ಬೇರೆ ಬೇರೆ.

ಒಂದೇ ಬಗೆಯ ಕೆಲಸವನ್ನು ಒಂದೊಂದಾಗಿ ಯಾಕೆ ಮಾಡಬೇಕು? ಪಡ್ಡಿನ ಕಾವಲಿ ನೆನಪಿಸಿಕೊಳ್ಳಿ. ಹೆಂಚಿನ ಮೇಲೆ ಒಂದು ದೋಸೆ ಬೇಯುವ ಹೊತ್ತಿಗೆ ಇಲ್ಲಿ ಏಳೆಂಟು ಪಡ್ಡು ಒಟ್ಟಿಗೆ ಬೇಯುತ್ತವೆ. ಪ್ರೊಸೆಸರ್‌ನ ವೆಕ್ಟರ್ ಸೂಚನೆಗಳೂ ಹೀಗೆಯೇ. ‘ಗುಣಿಸು’ ಎಂದು ಒಮ್ಮೆ ಹೇಳಿದರೆ ಎಲ್ಲ ಗುಳಿಗಳಲ್ಲಿರುವ ಸಂಖ್ಯೆಗಳೂ ಒಟ್ಟಿಗೆ ಗುಣಿಸಿಕೊಳ್ಳುತ್ತವೆ. 1999ರಲ್ಲಿ ಪೆಂಟಿಯಂ 3 ಚಿಪ್ ತಂದ ಎಸ್‌ಎಸ್‌ಇ ಸೂಚನೆಗಳು 128 ಬಿಟ್ ಅಗಲದವು. 32 ಬಿಟ್‌ನ ನಾಲ್ಕು ಸಂಖ್ಯೆ ಹಿಡಿಸುವ ಕಾವಲಿ. 2011ರ ಜನವರಿಯಲ್ಲಿ ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್ ಜತೆ ಬಂದ ಎವಿಎಕ್ಸ್ 256 ಬಿಟ್‌ನದು, ಎಂಟು ಗುಳಿಯ ಕಾವಲಿ. ಚಿತ್ರ ಬರೆಯುವ ತಂತ್ರಾಂಶಕ್ಕೆ ಇದಕ್ಕಿಂತ ಬೇರೇನು ಬೇಕು? ಜರ್ಮನಿಯ ಮಥಿಯಾಸ್ ಕ್ರೆಟ್ಜ್ ರೂಪಿಸಿದ ವಿಸಿ ಎಂಬ ಲೈಬ್ರರಿ ಬಳಸಿ ಕ್ರಿಟಾ ತಂಡ ಕುಂಚದ ಲೆಕ್ಕವನ್ನು ವೆಕ್ಟರ್ ದಾರಿಗೆ ತಂದಿತು.

ಅದೇ 2011ರ ಅಕ್ಟೋಬರ್‌ನಲ್ಲಿ ಎಎಂಡಿ ತನ್ನ ಬುಲ್ಡೋಜರ್ ಚಿಪ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಇವುಗಳ ಒಳವಿನ್ಯಾಸ ವಿಶಿಷ್ಟ. ಎರಡೆರಡು ಕೋರ್‌ಗಳನ್ನು ಜೋಡಿ ಮಾಡಿ, ದಶಮಾಂಶದ ಲೆಕ್ಕ ಮಾಡುವ ಘಟಕವನ್ನು ಪ್ರತಿ ಜೋಡಿಗೆ ಒಂದರಂತೆ ಹಂಚಿದ್ದರು. ಎರಡು ಸಂಸಾರಕ್ಕೆ ಒಂದೇ ಅಡುಗೆಮನೆ. ಆ ಅಡುಗೆಮನೆಯಲ್ಲಿದ್ದದ್ದು 128 ಬಿಟ್‌ನ ಎರಡು ಪುಟ್ಟ ಒಲೆಗಳು. ಎಂಟು ಗುಳಿಯ ಕಾವಲಿ ಯಾವ ಒಲೆಯ ಮೇಲೂ ಕೂರದು. ಹಾಗಾಗಿ ಎವಿಎಕ್ಸ್ ಸೂಚನೆ ಬಂದಾಗಲೆಲ್ಲ ಚಿಪ್ ಅದನ್ನು ಒಳಗೊಳಗೇ ನಾಲ್ಕು-ನಾಲ್ಕಾಗಿ ಒಡೆದು ಬೇಯಿಸುತ್ತಿತ್ತು. (ಈ ಹಂಚಿಕೆಯನ್ನು ಹಿಡಿದು, ‘ಎಂಟು ಕೋರ್’ ಎಂದು ಮಾರಿದ್ದು ಸರಿಯೇ ಎಂದು ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. 2019ರಲ್ಲಿ ಎಎಂಡಿ 1.21 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು.)

ಬೇಯಿಸುವಾಗ ಒಡೆದುಕೊಂಡರೆ ದೊಡ್ಡ ನಷ್ಟವೇನಿಲ್ಲ, ಲಾಭವಿಲ್ಲ ಅಷ್ಟೆ. ಪೇಚಿಗೆ ಸಿಕ್ಕಿದ್ದು ಇಳಿಸುವಾಗ. ಲೆಕ್ಕ ಮುಗಿದ ಮೇಲೆ ಉತ್ತರಗಳನ್ನು ಮೆಮೊರಿಗೆ ಬರೆಯಬೇಕಲ್ಲ? ಪ್ರೊಸೆಸರ್‌ಗಳ ಒಳಗುಟ್ಟನ್ನು ಅಳೆದು ದಾಖಲಿಸುವುದರಲ್ಲಿ ಹೆಸರಾದ ಡೆನ್ಮಾರ್ಕ್‌ನ ಆಗ್ನರ್ ಫಾಗ್ ಇದನ್ನು ಅಳೆದಿದ್ದಾರೆ. ಬುಲ್ಡೋಜರ್‌ನ ಮುಂದಿನ ಪೀಳಿಗೆಯಾದ 2012ರ ಪೈಲ್‌ಡ್ರೈವರ್ ಚಿಪ್‌ನಲ್ಲಿ ಎಂಟು ಸಂಖ್ಯೆಗಳನ್ನು ಒಂದೇ ಏಟಿಗೆ ಬರೆಯುವ 256 ಬಿಟ್ ಸೂಚನೆಗೆ ಗಡಿಯಾರದ 17ರಿಂದ 20 ಮಿಡಿತ ಬೇಕು. ಅದನ್ನೇ ನಾಲ್ಕು-ನಾಲ್ಕಾಗಿ ಎರಡು ಸಲ ಬರೆದರೆ ಎರಡೋ ಮೂರೋ ಮಿಡಿತದಲ್ಲಿ ಮುಗಿಯುತ್ತದೆ. ಕುಂಚದ ಕೆಲಸವೆಂದರೆ ಓದು, ಲೆಕ್ಕ ಹಾಕು, ಬರೆ. ಮತ್ತೆ ಓದು, ಲೆಕ್ಕ ಹಾಕು, ಬರೆ. ಪ್ರತಿ ‘ಬರೆ’ಯಲ್ಲೂ ಎಡವಿದರೆ ಬಣ್ಣ ಪೆನ್ನಿನ ಹಿಂದೆ ಕುಂಟದೆ ಇನ್ನೇನು ಮಾಡೀತು?

ತಂತ್ರಾಂಶಕ್ಕೆ ಇದು ಮೊದಲೇ ತಿಳಿಯಬಾರದಿತ್ತೇ? ಕೆಲಸ ಶುರುವಾಗುವ ಮುನ್ನ ಅದು ಚಿಪ್ಪನ್ನು ಕೇಳಿಯೇ ಕೇಳುತ್ತದೆ: ನಿನಗೆ ಎವಿಎಕ್ಸ್ ಬರುತ್ತದೆಯೇ? ಚಿಪ್ ‘ಬರುತ್ತದೆ’ ಎನ್ನುತ್ತದೆ. ಸುಳ್ಳೇನಲ್ಲ, ಉತ್ತರಗಳೂ ಕರಾರುವಾಕ್ಕು. ಎಷ್ಟು ಬೇಗ ಬರುತ್ತದೆ ಎಂಬ ಪ್ರಶ್ನೆಗೆ ಮಾತ್ರ ಆ ಸಂವಾದದಲ್ಲಿ ಜಾಗವಿಲ್ಲ. ಈಜು ಬರುತ್ತದೆ ಎಂದವರೆಲ್ಲ ಹೊಳೆ ದಾಟುವವರಲ್ಲ ಎಂಬುದು ನೀರಿಗಿಳಿದ ಮೇಲೆಯೇ ಗೊತ್ತಾಗುವುದು. ಪ್ರೋಗ್ರಾಮುಗಳನ್ನು ಚಿಪ್‌ನ ಭಾಷೆಗೆ ತಿರುಗಿಸುವ ಜಿಸಿಸಿ ಎಂಬ ಹೆಸರಾಂತ ಕಂಪೈಲರ್ ಬರೆದವರು ಈ ಪಾಠ ಕಲಿತಿದ್ದರು. ಬುಲ್ಡೋಜರ್ ಕುಟುಂಬಕ್ಕೆಂದು ಹೊಂದಿಸಿದಾಗ ಅದು ಎಂಟು ಗುಳಿಯ ಕಾವಲಿ ಬಿಟ್ಟು ನಾಲ್ಕರದ್ದನ್ನೇ ಆರಿಸಿಕೊಳ್ಳುತ್ತದೆ.

ಇಂಥ ಎಡವಟ್ಟು ಯಂತ್ರದಲ್ಲಿ ಓಡಿಸಿದ ಮೇಲೆಯೇ ತಿಳಿಯುವುದರಿಂದ, ಬಿಡುಗಡೆಗೆ ಮುನ್ನ ಪರೀಕ್ಷೆಗೆಂದು ಹಂಚುವ ಬೀಟಾ ಆವೃತ್ತಿಗಳ ಪ್ರಯೋಜನ ಇರುವುದೂ ಇಲ್ಲೇ. ತಂತ್ರಾಂಶ ಬರೆಯುವವರ ಮೇಜಿನ ಮೇಲೆ ಎರಡೋ ಮೂರೋ ಯಂತ್ರ ಇರಬಹುದು. ಬಳಸುವವರ ಮನೆಗಳಲ್ಲಿ ನೂರಾರು ಬಗೆ. ಬೀಟಾ ಎಂದರೆ ಊಟಕ್ಕೆ ಬಡಿಸುವ ಮೊದಲು ನಾಲ್ಕು ಜನರ ಅಂಗೈಗೆ ಸಾರು ಹಾಕಿ ಉಪ್ಪು ನೋಡಿಸಿದಂತೆ. ಹಾಗಾಗಿ ಬೀಟಾ ನಿಧಾನವಾದರೆ ಬೈದು ಅಳಿಸಿಹಾಕುವುದಕ್ಕಿಂತ ಹತ್ತು ನಿಮಿಷ ಕೂತು ಪರೀಕ್ಷಿಸುವುದು ಮೇಲು.

ಮೊದಲು ತಪ್ಪು ಯಾರದೆಂದು ನೋಡಿ. ಚಿತ್ರವನ್ನು ಹಿಗ್ಗಿಸುವಾಗ, ತಿರುಗಿಸುವಾಗ ಪರದೆ ತಡವರಿಸಿದರೆ ಅನುಮಾನ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಅದೆಲ್ಲ ಸರಾಗವಾಗಿದ್ದು ಕುಂಚ ಮಾತ್ರ ಹಿಂದೆ ಬಿದ್ದರೆ ಅನುಮಾನ ಪ್ರೊಸೆಸರ್ ಮೇಲೆ. ಕ್ರಿಟಾದಲ್ಲಿ ಕುಂಚದ ಲೆಕ್ಕ ಅದರ ಪಾಲಿನದು. ಅದೇ ಕಡತ, ಅದೇ ಕುಂಚ, ಅದೇ ಅಳತೆ ಇಟ್ಟುಕೊಂಡು, ನಿಮ್ಮ ಆವೃತ್ತಿಯಲ್ಲಿ ಆ ಗುರುತುಪೆಟ್ಟಿಗೆ ಇದ್ದರೆ ಅದಕ್ಕೆ ಗುರುತು ಹಾಕುವ ಮೊದಲೊಮ್ಮೆ, ಹಾಕಿ ತಂತ್ರಾಂಶ ಮುಚ್ಚಿ ತೆರೆದ ಮೇಲೊಮ್ಮೆ ಗೆರೆ ಎಳೆದು ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಅಳೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಇಲ್ಲದಿದ್ದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ವ್ಯತ್ಯಾಸ ಕಾಣದಿದ್ದರೆ ಮುದ್ರೆಗಳ ನಡುವಿನ ಅಂತರ ಹೆಚ್ಚಿಸಿ ನೋಡಿ. ಅಂತರ ಇಮ್ಮಡಿಯಾದರೆ ಲೆಕ್ಕ ಅರ್ಧಕ್ಕರ್ಧ ಇಳಿಯುತ್ತದೆ. ಕ್ರಿಟಾದ ‘ಇನ್‌ಸ್ಟಂಟ್ ಪ್ರಿವ್ಯೂ’ ಕೂಡ ದೊಡ್ಡ ಕುಂಚಕ್ಕೆ ಒಳ್ಳೆಯ ಆಸರೆ. ಅದು ಚಿತ್ರದ ಕುಗ್ಗಿಸಿದ ಪ್ರತಿಯ ಮೇಲೆ ಗೆರೆಯನ್ನು ಕೂಡಲೇ ತೋರಿಸಿ, ಪೂರ್ಣ ಲೆಕ್ಕವನ್ನು ಆಮೇಲೆ ಮುಗಿಸಿಕೊಳ್ಳುತ್ತದೆ.

ಉಪಾಯಗಳಿಗೂ ಆಯಸ್ಸು ಇದೆ. 2019ರ ಝೆನ್ 2ರಿಂದ ಎಎಂಡಿ ಚಿಪ್‌ಗಳಲ್ಲಿ ಒಲೆಗಳು ಪೂರ್ತಿ 256 ಬಿಟ್ ಅಗಲದವು. ಹಳೆಯ ಗುರುತನ್ನು ಅಂಥ ಯಂತ್ರದಲ್ಲೂ ಉಳಿಸಿಕೊಂಡರೆ ದೊಡ್ಡ ಒಲೆಯ ಮೇಲೆ ಒಂದೊಂದೇ ಪಡ್ಡು ಹುಯ್ದಂತೆ. ಕಂಪ್ಯೂಟರ್ ಬದಲಾಯಿಸಿದವರು ಆ ಪೆಟ್ಟಿಗೆಯನ್ನು ಮತ್ತೊಮ್ಮೆ ನೋಡಿ. ಬೀಟಾ ಬಳಸುವವರು ದೂರು ಬರೆಯುವಾಗ ‘ತುಂಬಾ ನಿಧಾನ’ ಎಂದು ನಿಲ್ಲಿಸದೆ ಪ್ರೊಸೆಸರ್‌ನ ಪೂರ್ತಿ ಹೆಸರು, ಕುಂಚದ ಅಳತೆ, ಎರಡೂ ಸಲದ ಸೆಕೆಂಡುಗಳನ್ನು ಬರೆದು ಕಳಿಸಿ.