ಡಿವಿಡಿ ಯಂತ್ರ ಕೊಳ್ಳುವ ಮುನ್ನ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲಸಿದ ನಮ್ಮವರಲ್ಲಿ ಯಕ್ಷಗಾನದ, ರಾಜಕುಮಾರರ ಚಿತ್ರಗಳ ಡಿವಿಡಿಗಳನ್ನು ಇಂದಿಗೂ ಜೋಪಾನವಾಗಿ ಇರಿಸಿಕೊಂಡವರಿದ್ದಾರೆ. ಹಳೆಯ ಯಂತ್ರ ಕೆಟ್ಟರೆ ‘ಪ್ರೋಗ್ರೆಸಿವ್ ಸ್ಕ್ಯಾನ್’ ಉಳ್ಳದ್ದಕ್ಕೆ ಹೆಚ್ಚು ಹಣ ತೆರಬೇಕೇ ಎಂಬುದು ಪ್ರಶ್ನೆ.

ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 576 ಗೆರೆಗಳು. ಸಾಮಾನ್ಯ ಯಂತ್ರವು ಒಮ್ಮೆ 288 ಬೆಸ ಗೆರೆಗಳನ್ನೂ, ಮರುಕ್ಷಣ 288 ಸಮ ಗೆರೆಗಳನ್ನೂ ಕಳುಹಿಸುತ್ತದೆ. ಪ್ರೋಗ್ರೆಸಿವ್ ಯಂತ್ರವಾದರೋ ಎಲ್ಲವನ್ನೂ ಒಟ್ಟಿಗೇ ಕಳುಹಿಸುತ್ತದೆ. ಇದರಿಂದ ಚಿತ್ರದ ಮಿನುಗಾಟ ಕಡಮೆಯಾಗುವುದು ನಿಜ.

ಆದರೆ ಹಳದಿ ತಂತಿಯೊಂದರಲ್ಲಿ ಈ ಗುಣ ಹರಿದು ಬಾರದು. ಹಸಿರು, ನೀಲಿ, ಕೆಂಪು ತಂತಿಗಳ ಕಾಂಪೊನೆಂಟ್ ಜೋಡಣೆ ಯಾ ಎಚ್‌ಡಿಎಂಐ ಬೇಕು. ಟಿವಿಯೂ ಅದನ್ನು ಸ್ವೀಕರಿಸುವಂತಿರಬೇಕು. ಹಳೆಯ ಸಾಮಾನ್ಯ ಪಿಕ್ಚರ್ ಟ್ಯೂಬಿನ ಟಿವಿಗೆ ಇದು ನಿಷ್ಪ್ರಯೋಜಕ. ಈಗಿನ ಚಪ್ಪಟೆ ಟಿವಿಯು ಗೆರೆ ಕೂಡಿಸುವ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ಮಸುಕಾಗಿ ಮುದ್ರಿತವಾದ ಡಿವಿಡಿಯನ್ನಂತೂ ಯಾವ ಯಂತ್ರವೂ ತಿಳಿಯಾಗಿಸದು.

ಆದುದರಿಂದ ಅಂಗಡಿಗೆ ಹೋಗುವ ಮುನ್ನ ಟಿವಿಯ ಹಿಂಬದಿಯನ್ನು ನೋಡಿರಿ. ಬೆಲೆ ಸಮವಿದ್ದರೆ ಕೊಳ್ಳಲಡ್ಡಿಯಿಲ್ಲ. ಆದರೆ ಬರಿಯ ಹೆಸರಿಗಾಗಿ, ಊರಿಗೆ ಕಳುಹಿಸುವ ಹಣದಲ್ಲಿ ಕಡಿತವಾಗದಿರಲೆಂಬುದೇ ನಮ್ಮ ಸಲಹೆ.