ಭ್ರೂಣವು ಗರ್ಭಕೋಶದಲ್ಲಿ ನೆಲೆಗೊಳ್ಳುವ ದಿನದ ಅಂದಾಜು ಮತ್ತು ತಾಯಿ ಕಾರ್ಡಿಗೆ ನೀಡಬೇಕಾದ ದಿನಾಂಕ

ಚಾಮರಾಜನಗರ ಜಿಲ್ಲೆಯ ಸಾರ್ವಜನಿಕರ ಮಾಹಿತಿಗಾಗಿ

ಗರ್ಭಿಣಿಯರ ನೋಂದಣಿಗೆ, ತಾಯಿ ಕಾರ್ಡಿಗೆ ಹಾಗೂ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯ ಅರ್ಜಿಗೆ ಕೊನೆಯ ಮುಟ್ಟಿನ ಮೊದಲ ದಿನದ ದಿನಾಂಕವು ಅವಶ್ಯಕವಾಗಿರುತ್ತದೆ. ಮೈಸೂರು, ಬೆಂಗಳೂರು ಮುಂತಾದ ಕಡೆ ಸಂತಾನಹೀನತೆಗೆ ಚಿಕಿತ್ಸೆ ಪಡೆದು ಬಂದ ಅರ್ಜಿದಾರರಿಗೆ ಯಾವ ದಿನಾಂಕವನ್ನು ನೀಡಬೇಕೆಂಬ ಸಂದೇಹ ಉಂಟಾಗುವುದು ಸಹಜ. ಅದರ ನಿವಾರಣೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಭ್ರೂಣವು ನೆಲೆಗೊಳ್ಳುವುದು ಎಂದರೇನು?

ಅಂಡಾಶಯದಿಂದ ಬಿಡುಗಡೆಯಾದ ಅಂಡಾಣುವು ಸುಮಾರು ಒಂದು ದಿನದೊಳಗೆ ಅಂಡನಾಳದಲ್ಲಿ ಫಲಿತಗೊಳ್ಳಬೇಕು. ಫಲಿತಗೊಂಡ ಭ್ರೂಣವು ವಿಭಜನೆ ಹೊಂದುತ್ತಾ ಗರ್ಭಕೋಶವನ್ನು ತಲುಪಿ, ಅದರ ಒಳಪದರಕ್ಕೆ ಅಂಟಿಕೊಂಡು ಬೇರೂರುತ್ತದೆ. ಇದನ್ನೇ ನೆಲೆಗೊಳ್ಳುವುದು ಎನ್ನುತ್ತಾರೆ. ಗರ್ಭಪರೀಕ್ಷೆಯಲ್ಲಿ ಪತ್ತೆಯಾಗುವ ಎಚ್.ಸಿ.ಜಿ. ಹಾರ್ಮೋನು ತಾಯಿಯ ರಕ್ತಕ್ಕೆ ಸೇರತೊಡಗುವುದು ಇದಾದ ನಂತರವೇ. ಆದುದರಿಂದ ಅದಕ್ಕೆ ಮುಂಚೆ ಮಾಡಿದ ಯಾವ ಪರೀಕ್ಷೆಯೂ ಉತ್ತರ ನೀಡಲಾರದು.

2. ಎಷ್ಟು ದಿನಗಳಾಗುತ್ತವೆ?

ಅಂಡಾಣು ಬಿಡುಗಡೆಯಾದ 6ರಿಂದ 12 ದಿನಗಳೊಳಗೆ ಭ್ರೂಣವು ನೆಲೆಗೊಳ್ಳುತ್ತದೆ. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆರು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಮುಂದುವರಿದ ಗರ್ಭಗಳ ಪೈಕಿ ಶೇ. 84ರಷ್ಟು 8, 9 ಅಥವಾ 10ನೇ ದಿನ ನೆಲೆಗೊಂಡಿದ್ದವು. ನಿಖರವಾಗಿ ಇಂತಹ ದಿನವೇ ಎಂದು ಮನೆಯಲ್ಲಿ ತಿಳಿಯುವ ವಿಧಾನವಿಲ್ಲ. ಅಂದಾಜು ಮಾತ್ರ ಸಾಧ್ಯ.

ಉದಾಹರಣೆ: 28 ದಿನಗಳ ಋತುಚಕ್ರವುಳ್ಳ ಮಹಿಳೆಯು ಮಾರ್ಚ್ 1ರಂದು ಮುಟ್ಟಾದಲ್ಲಿ,
- ಅಂಡಾಣು ಬಿಡುಗಡೆ: ಸುಮಾರು ಮಾರ್ಚ್ 15
- ಭ್ರೂಣ ನೆಲೆಗೊಳ್ಳುವ ಅವಧಿ: ಮಾರ್ಚ್ 21ರಿಂದ 27, ಹೆಚ್ಚಾಗಿ 23ರಿಂದ 25
- ಮುಂದಿನ ಮುಟ್ಟಿನ ನಿರೀಕ್ಷಿತ ದಿನ: ಮಾರ್ಚ್ 29
- ಹೆರಿಗೆಯ ನಿರೀಕ್ಷಿತ ದಿನ (280 ದಿನಗಳಿಗೆ): ಡಿಸೆಂಬರ್ 6

ಋತುಚಕ್ರವು 35 ದಿನಗಳದ್ದಾಗಿದ್ದಲ್ಲಿ ಅಂಡಾಣು ಬಿಡುಗಡೆಯು ಸುಮಾರು ಒಂದು ವಾರ ತಡವಾಗುವುದರಿಂದ ನಂತರದ ದಿನಾಂಕಗಳೂ ಅಷ್ಟೇ ಮುಂದಕ್ಕೆ ಹೋಗುತ್ತವೆ.

3. ಚಿಕಿತ್ಸೆ ಪಡೆದವರು ಲೆಕ್ಕ ಹಾಕುವ ಕ್ರಮ

ಅ) ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುವ ಐ.ಯು.ಐ. ಚಿಕಿತ್ಸೆಯಲ್ಲಿ, ಚಿಕಿತ್ಸೆಯ ದಿನವನ್ನೇ ಅಂಡಾಣು ಬಿಡುಗಡೆಯ ದಿನವೆಂದು ಸರಿಸುಮಾರಾಗಿ ಪರಿಗಣಿಸಬಹುದು.

ಆ) ಪ್ರನಾಳ ಶಿಶು ಚಿಕಿತ್ಸೆಯಲ್ಲಿ (ಐ.ವಿ.ಎಫ್.) ಭ್ರೂಣವನ್ನು ಗರ್ಭಕೋಶಕ್ಕೆ ವರ್ಗಾಯಿಸಿದ ದಿನಾಂಕದಿಂದ ಭ್ರೂಣದ ವಯಸ್ಸನ್ನು ಹಿಂದಕ್ಕೆ ಎಣಿಸಿ, ನಂತರ 14 ದಿನಗಳನ್ನು ಹಿಂದಕ್ಕೆ ಎಣಿಸತಕ್ಕದ್ದು. 5 ದಿನಗಳ ಭ್ರೂಣವನ್ನು ಮಾರ್ಚ್ 20ರಂದು ವರ್ಗಾಯಿಸಿದ್ದಲ್ಲಿ 19 ದಿನ ಹಿಂದಕ್ಕೆ, ಅಂದರೆ ಮಾರ್ಚ್ 1. 3 ದಿನಗಳ ಭ್ರೂಣವನ್ನು ಮಾರ್ಚ್ 18ರಂದು ವರ್ಗಾಯಿಸಿದ್ದಲ್ಲಿ 17 ದಿನ ಹಿಂದಕ್ಕೆ, ಅದೂ ಮಾರ್ಚ್ 1. ಈ ದಿನವನ್ನು ಮುಟ್ಟಿನ ದಿನವೆಂದು ಭಾವಿಸಿ ಗರ್ಭದ ವಾರಗಳನ್ನು ಎಣಿಸಲಾಗುತ್ತದೆ. ಶೈತ್ಯೀಕರಿಸಿ ಇಟ್ಟ ಭ್ರೂಣಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. ಶೇಖರಣೆಯಲ್ಲಿದ್ದ ತಿಂಗಳುಗಳನ್ನಾಗಲಿ ವರ್ಷಗಳನ್ನಾಗಲಿ ಸೇರಿಸುವಂತಿಲ್ಲ.

4. ಪರೀಕ್ಷೆಗೆ ಆತುರ ಬೇಡ

ಮುಟ್ಟು ನಿಂತ ನಂತರ ಆಶಾ ಕಾರ್ಯಕರ್ತೆಯರ ಬಳಿ ದೊರೆಯುವ ಕಿಟ್‌ನಿಂದ ಪರೀಕ್ಷಿಸಿಕೊಳ್ಳಬಹುದು. ಫಲಿತಾಂಶ ಇಲ್ಲವೆಂದು ಬಂದು, ಮುಟ್ಟೂ ಆಗದಿದ್ದಲ್ಲಿ ಒಂದು ವಾರದ ನಂತರ ಪುನಃ ಪರೀಕ್ಷಿಸುವುದು. ಅಂಡಾಣು ಬಿಡುಗಡೆಗಾಗಿ ಎಚ್.ಸಿ.ಜಿ. ಚುಚ್ಚುಮದ್ದು ಪಡೆದವರಲ್ಲಿ ಆ ಔಷಧದ ಅಂಶವೇ ಸುಮಾರು ಎರಡು ವಾರಗಳವರೆಗೆ ಉಳಿದು, ಗರ್ಭವಿಲ್ಲದಿದ್ದರೂ ಇದೆಯೆಂದು ತೋರಿಸಬಹುದು. ಆದ್ದರಿಂದ ಅಂತಹವರು ವೈದ್ಯರು ಸೂಚಿಸಿದ ದಿನದಂದೇ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು. ಅದಕ್ಕೂ ಮೊದಲು ಮನೆಯಲ್ಲಿ ಮಾಡಿದ ಪರೀಕ್ಷೆಯನ್ನು ನಂಬಿ, ಸೂಚಿಸಿರುವ ಪ್ರೊಜೆಸ್ಟರಾನ್ ಔಷಧಿಯನ್ನು ಯಾವುದೇ ಕಾರಣಕ್ಕೂ ನಿಲ್ಲಿಸಬಾರದು.

ನೆಲೆಗೊಳ್ಳುವ ವೇಳೆಗೆ ಕೆಲವರಲ್ಲಿ ಅಲ್ಪ ರಕ್ತಸ್ರಾವ ಕಾಣಬಹುದು, ಅನೇಕರಲ್ಲಿ ಕಾಣುವುದಿಲ್ಲ. ಇದನ್ನೇ ಮುಟ್ಟೆಂದು ಭಾವಿಸಿದಲ್ಲಿ ಲೆಕ್ಕವು ವಾರಗಟ್ಟಲೆ ತಪ್ಪುತ್ತದೆ. ಹೆಚ್ಚಿನ ರಕ್ತಸ್ರಾವ, ಕಿಬ್ಬೊಟ್ಟೆಯಲ್ಲಿ ತೀವ್ರ ನೋವು ಅಥವಾ ತಲೆಸುತ್ತು ಕಂಡುಬಂದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ತೆರಳುವುದು.

5. ದಿನಾಂಕ ತಪ್ಪಿದರೆ ಆಗುವ ತೊಂದರೆ

ಭ್ರೂಣ ವರ್ಗಾಯಿಸಿದ ದಿನಾಂಕವನ್ನೇ ಮುಟ್ಟಿನ ದಿನಾಂಕವೆಂದು ಬರೆಸಿದಲ್ಲಿ 5 ದಿನಗಳ ಭ್ರೂಣದ ಪ್ರಕರಣದಲ್ಲಿ 19 ದಿನಗಳ ವ್ಯತ್ಯಾಸ ಬರುತ್ತದೆ. ತಾಯಿಗೆ 40 ವಾರ ತುಂಬಿದ ದಿನ ಕಾರ್ಡಿನಲ್ಲಿ 37 ವಾರ 2 ದಿನವೆಂದಿರುತ್ತದೆ. ದಿನ ಮೀರುತ್ತಿರುವುದು ಯಾರ ಗಮನಕ್ಕೂ ಬಾರದೆ ಹೋಗಬಹುದು. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಸಿಗುವ ರೂ. 5,000ರ ಪೈಕಿ ಮೊದಲ ಕಂತಿನ ರೂ. 3,000ಕ್ಕೆ, ಮುಟ್ಟಿನ ದಿನಾಂಕದಿಂದ ಆರು ತಿಂಗಳೊಳಗೆ ಕನಿಷ್ಠ ಒಂದು ತಪಾಸಣೆ ಆಗಿರಬೇಕೆಂಬ ಷರತ್ತೂ ಇದೇ ದಿನಾಂಕವನ್ನು ಅವಲಂಬಿಸಿದೆ.

6. ಅರ್ಜಿದಾರರು ಗಮನಿಸಬೇಕಾದ ಅಂಶಗಳು

- ಭ್ರೂಣ ವರ್ಗಾವಣೆಯ ದಿನಾಂಕ ಹಾಗೂ ಭ್ರೂಣದ ವಯಸ್ಸನ್ನು ನಮೂದಿಸಿರುವ ಚಿಕಿತ್ಸಾ ವಿವರದ ಪ್ರತಿಯನ್ನು ಆಸ್ಪತ್ರೆಯಿಂದ ಕೇಳಿ ಪಡೆದು, ನೋಂದಣಿ ವೇಳೆ ಹಾಜರುಪಡಿಸುವುದು. ಚಿಕಿತ್ಸೆಯ ವಿಷಯವನ್ನು ಮುಚ್ಚಿಡುವ ಅಗತ್ಯವಿಲ್ಲ.
- ಗರ್ಭ ಖಚಿತವಾದ ಕೂಡಲೇ, 12 ವಾರಗಳೊಳಗೆ ನೋಂದಾಯಿಸಿಕೊಳ್ಳುವುದು.
- ಚಾಮರಾಜೇಶ್ವರ ರಥೋತ್ಸವದ ಮಾರನೇ ದಿನ, ಯುಗಾದಿಗೆ ಎರಡು ದಿನ ಮುಂಚೆ ಎಂಬಂತೆ ಹಬ್ಬದ ನೆನಪಿದ್ದಲ್ಲಿ ಅದನ್ನೇ ತಿಳಿಸಬಹುದು. ಪಂಚಾಂಗ ನೋಡಿ ದಿನಾಂಕ ಗುರುತಿಸಬಹುದಾಗಿದೆ.
- ದಿನಾಂಕ ನೆನಪಿಲ್ಲದವರು ಊಹಿಸಿ ಹೇಳಬಾರದು. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್‌ನಿಂದ ಗರ್ಭದ ವಾರಗಳನ್ನು ಸಾಕಷ್ಟು ಖಚಿತವಾಗಿ ತಿಳಿಯಬಹುದು.

ಹೆಚ್ಚಿನ ಮಾಹಿತಿಗಾಗಿ ತಮ್ಮ ಗ್ರಾಮದ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯರನ್ನು, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು, ಗುಂಡ್ಲುಪೇಟೆ ತಾಲ್ಲೂಕಿನವರು ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಈ ಮಾಹಿತಿಯು ವೈದ್ಯರ ಸಲಹೆಗೆ ಪರ್ಯಾಯವಾಗಿರುವುದಿಲ್ಲ.